ಮೊದಲು ನೆಲ ನೋಡಿದವರು

ಹೊಲಿಗೆ ಅಂಗಡಿಯಲ್ಲಿ ಏನಾದರೊಂದು ಬೀಳುತ್ತಲೇ ಇರುತ್ತದೆ. ಅಳತೆ ಟೇಪು ಜಾರುತ್ತದೆ, ಸೀಮೆಸುಣ್ಣ ಉರುಳುತ್ತದೆ, ದಾರದ ರೀಲು ಬಿದ್ದು ಮೇಜಿನ ಕೆಳಗೆ ಹೋಗಿ ಕೂರುತ್ತದೆ. ಬೇರೆಯವರಿಗೆ ಅದು ಬಗ್ಗಿ ಎತ್ತಿಕೊಳ್ಳುವಷ್ಟರ ಕೆಲಸ. ಬೀದಿಯವರೆಲ್ಲ ಟೇಲರಕ್ಕ ಎಂದು ಕರೆಯುವ ಹೆಂಗಸಿಗೆ ಹಾಗಲ್ಲ. ಅವಳಿಗೆ ಸೊಂಟದ ಕೆಳಗೆ ಬಲವಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಹೊಲಿಯುತ್ತಾಳೆ. ಕರೆಂಟ್ ಮಷಿನ್ನಿನ ಪೆಡಲನ್ನು ಮೇಜಿನ ಮೇಲೆ ಇಟ್ಟುಕೊಂಡು ಮೊಣಕೈಯಿಂದ ಒತ್ತುತ್ತಾಳೆ. ಹೊಲಿಗೆ ನೆಟ್ಟಗಿರುತ್ತದೆ, ಹೇಳಿದ ದಿನಕ್ಕೆ ಬಟ್ಟೆ ಸಿದ್ಧವಿರುತ್ತದೆ. ಬಿದ್ದದ್ದನ್ನು ಎತ್ತುವುದು ಮಾತ್ರ ಅವಳಿಂದ ಆಗದು.

ಒಂದು ಮಧ್ಯಾಹ್ನ ಅವಳ ಫೋನು ಬಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎಟುಕುತ್ತದೆ ಎಂದುಕೊಂಡು ಬಗ್ಗಿದಳು. ಕುರ್ಚಿ ಜಾರಿತು, ಅವಳೂ ಬಿದ್ದಳು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಗಿರಾಕಿಯೊಬ್ಬರು ಬರುವವರೆಗೆ ಬಟ್ಟೆಯ ಚೂರುಗಳ ನಡುವೆ ಬಿದ್ದುಕೊಂಡೇ ಇದ್ದಳು. ದೊಡ್ಡ ಪೆಟ್ಟೇನೂ ಆಗಲಿಲ್ಲ. ಆದರೆ ಆ ದಿನದಿಂದ ಅವಳ ಅಮ್ಮ ಅಂಗಡಿ ಬಿಟ್ಟು ಕದಲಲಿಲ್ಲ. ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರು. ಏನು ಬಿದ್ದರೂ ಎದ್ದರು, ಎತ್ತಿಕೊಟ್ಟರು, ಮಂಡಿ ಹಿಡಿದುಕೊಂಡು ಮತ್ತೆ ಕೂತರು. ಕೊನೆಗೊಂದು ದಿನ ಹೇಳಿಯೇಬಿಟ್ಟರು.

“ನನ್ ಮಂಡಿ ಇನ್ನು ತಡೆಯಲ್ಲ ಮಗಳೇ. ಅಂಗಡಿ ಮುಚ್ಚಿಬಿಡು. ಮನೇಲೇ ಕೂತು ಹೊಲಿ.”

“ಒಂದು ಗುಂಡಿ ಹಾಕಿಸೋಕೆ ಅಷ್ಟು ದೂರ ಮನೆ ಹುಡುಕ್ಕೊಂಡು ಯಾರಮ್ಮ ಬರ್ತಾರೆ?”

“ಹಾಗಾದ್ರೆ ನಿನ್ನ ಇಲ್ಲಿ ಒಬ್ಳನ್ನೇ ಬಿಟ್ಟು ಹೋಗ್ಲಾ? ಮತ್ತೆ ಬಿದ್ರೆ?”

ಟೇಲರಕ್ಕ ಮತ್ತೆ ಮಷಿನ್ನಿನತ್ತ ತಿರುಗಿದಳು. ಅಂಗಡಿ ಉಳಿಯಬೇಕಾದರೆ ಅವಳು ಅಲ್ಲಿ ಒಬ್ಬಳೇ ಇರುವಂತಾಗಬೇಕು. ಅದು ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ದಾರಿ ಹುಡುಕಿ ತಂದವನು ಅವಳ ಅಣ್ಣ. ಬಸ್ ಓಡಿಸುವವನು, ಊರಿನ ಸುದ್ದಿಯೆಲ್ಲ ಅವನ ಸೀಟಿನ ಹಿಂದೆಯೇ ಹತ್ತಿ ಇಳಿಯುತ್ತದೆ.

“ಬಿದ್ದಿದ್ದೆಲ್ಲ ಎತ್ತಿಕೊಡೋ ನಾಯಿ ಇರುತ್ತಂತೆ ಕಣೇ! ಸಹಾಯಕ ನಾಯಿ ಅಂತಾರೆ. ನನ್ ಬಸ್ಸಲ್ಲಿ ಬರೋರೊಬ್ರು ಮಾರ್ತಾರಂತೆ. ಭಾನುವಾರ ಕರ್ಕೊಂಡು ಬರ್ತಾರೆ.”

“ಅಂಗಡಿ ಒಳಗೆ ನಾಯೀನಾ?” ಅಮ್ಮ ಸ್ಟೂಲಿನಿಂದ ಎದ್ದೇಬಿಟ್ಟರು. “ಗಿರಾಕಿಗಳ ಬಟ್ಟೆ ಹರಿದುಹಾಕಿದ್ರೆ?”

“ಹರಿದ್ರೆ ಹೊಲಿಯೋಕೆ ಇವ್ಳಿದ್ದಾಳಲ್ಲಮ್ಮ. ವ್ಯಾಪಾರಾನೂ ಹೆಚ್ಚುತ್ತೆ!”

ಭಾನುವಾರ ಆ ಮನುಷ್ಯ ಬಂದ. ಆಸ್ಪತ್ರೆಯ ನರ್ಸಮ್ಮ ಕೂಡ ಆಗ ಅಂಗಡಿಯಲ್ಲೇ ಇದ್ದರು, ಸಮವಸ್ತ್ರದ ಸೊಂಟ ಸ್ವಲ್ಪ ಸಡಿಲ ಮಾಡಿಸಲು. ಬಂದವನ ಜೊತೆ ಕಂದು ಬಣ್ಣದ ಎಳೆಯ ನಾಯಿಯೊಂದಿತ್ತು. ಅದರ ಮೈಮೇಲೆ ಕೆಂಪು ಜಾಕೆಟ್ಟು.

“ಫುಲ್ ಟ್ರೈನಿಂಗ್ ಆಗಿರೋ ನಾಯಿ ಮೇಡಂ. ಈ ಜಾಕೆಟ್ ಹಾಕಿದ್ರೆ ಎಲ್ಲೂ ಯಾರೂ ತಡೆಯಲ್ಲ. ನೋಡಿ, ಶೇಕ್ ಹ್ಯಾಂಡ್!”

ನಾಯಿ ಮುಂಗಾಲು ಎತ್ತಿ ಅಮ್ಮನ ಕೈಗೆ ಕೊಟ್ಟಿತು. ಬಟ್ಟೆ ಹರಿಯುವ ಭಯವನ್ನೆಲ್ಲ ಅಮ್ಮ ಅಲ್ಲೇ ಮರೆತರು. ಅಣ್ಣ ತಾನೇ ಕಲಿಸಿದವನಂತೆ ಎದೆಯುಬ್ಬಿಸಿ ನಿಂತ.

ಟೇಲರಕ್ಕ ನಾಯಿಯನ್ನು ಹತ್ತಿರ ಕರೆದು ಜಾಕೆಟ್ಟಿನ ಅಂಚು ತಿರುಗಿಸಿ ನೋಡಿದಳು. ಬಟ್ಟೆಯಲ್ಲಿ ಕೊಂಡುತಂದ ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು.

“ಜಾಕೆಟ್ ಚೆನ್ನಾಗಿದೆ ಸಾರ್. ಇಂಥದ್ದನ್ನ ನಾನು ಅರ್ಧ ಗಂಟೇಲಿ ಹೊಲಿದು ಕೊಡ್ತೀನಿ. ನಾಯಿಗೆ ಏನೇನು ಕಲಿಸಿದ್ದೀರಿ?”

“ಎಲ್ಲಾ!”

“ಎಲ್ಲಾ ಅಂದ್ರೆ?”

“ನೀವು ಏನು ಹೇಳಿದ್ರೆ ಅದು ಮೇಡಂ.”

ಅವಳು ಅಳತೆ ಟೇಪನ್ನು ನೆಲಕ್ಕೆ ಬೀಳಿಸಿದಳು. ನಾಯಿ ಟೇಪನ್ನು ನೋಡಿತು, ಆಮೇಲೆ ಯಜಮಾನನನ್ನು ನೋಡಿತು.

“ಹೊಸ ಜಾಗ ಅಲ್ವಾ, ನಾಚ್ಕೊಳ್ತಿದೆ.”

ಅವಳು ಮೊಣಕೈಯಿಂದ ಪೆಡಲು ಒತ್ತಿದಳು. ಮಷಿನ್ನು ಗರ್ರೆಂದದ್ದೇ ತಡ, ನಾಯಿ ಇಸ್ತ್ರಿ ಮೇಜಿನ ಕೆಳಗೆ ನುಗ್ಗಿ ಗಡಗಡ ನಡುಗತೊಡಗಿತು.

“ಅಯ್ಯೋ, ಮಷಿನ್ ನಿಲ್ಸಿ ಮೇಡಂ, ಹೆದರ್ಕೊಳ್ಳುತ್ತೆ!”

“ಹೊಲಿಗೆ ಅಂಗಡೀಲಿ ಮಷಿನ್ ನಿಲ್ಸಿ ಇನ್ನೇನು ಮಾಡ್ಲಿ ಸಾರ್?”

ಅಲ್ಲಿಯವರೆಗೆ ಮಾತಾಡದಿದ್ದ ನರ್ಸಮ್ಮ ಮೆಲ್ಲಗೆ ಕೇಳಿದರು. “ಇದು ಹುಟ್ಟಿದ್ದೆಲ್ಲಿ? ಇದರ ತಾಯೀನ ನೋಡಬಹುದಾ? ನಿಮ್ಮಿಂದ ನಾಯಿ ತಗೊಂಡವರು ಯಾರಾದ್ರೂ ಇದ್ರೆ ಒಂದ್ಸಲ ಮಾತಾಡಬಹುದಾ? ಇವ್ರಿಗೆ ಹೊಂದ್ಲಿಲ್ಲ ಅಂದ್ರೆ ವಾಪಸ್ ಕರ್ಕೊಳ್ತೀರಾ?”

“ಮಾರಿದ್ಮೇಲೆ ಮಾರಿದ್ದೇ ಸಿಸ್ಟರ್. ಪೂರ್ತಿ ದುಡ್ಡು ಇವತ್ತೇ ಕೊಟ್ರೆ ಇವತ್ತೇ ಬಿಟ್ಟು ಹೋಗ್ತೀನಿ. ನಾಳೆ ಬೇರೆಯವ್ರು ಕಾಯ್ತಿದ್ದಾರೆ.”

“ಇಷ್ಟು ಅವಸರದ ಕೆಲಸ ನಮ್ಮ ಅಂಗಡೀಲಿ ಆಗಲ್ಲ ಸಾರ್” ಎಂದಳು ಟೇಲರಕ್ಕ. ಅವನು ಹೊರಡುವ ಮೊದಲು ಅಮ್ಮನಿಗೆ ಹೇಳಿ ನಾಯಿಗೆ ಒಂದು ಬಟ್ಟಲು ನೀರು ಕೊಡಿಸಿದಳು. ತಪ್ಪು ಅದರದಲ್ಲ. ಏನೂ ಕಲಿಸದೆ ಜಾಕೆಟ್ ತೊಡಿಸಿದರೆ ಅದಾದರೂ ಏನು ಮಾಡೀತು?

ಅವನು ನಾಯಿ ಕರೆದುಕೊಂಡು ಹೋದ ಮೇಲೆ ಅಮ್ಮನಿಗೆ ತಡೆಯಲಾಗಲಿಲ್ಲ. “ಪಾಪ, ಎಷ್ಟು ಚೆನ್ನಾಗಿ ಕೈ ಕೊಡ್ತಿತ್ತು!”

“ಹೂಂ, ಇನ್ನೊಂದು ಸ್ವಲ್ಪ ಹೊತ್ತಿದ್ದಿದ್ರೆ ನಮ್ಗೆಲ್ಲ ಕೈ ಕೊಡ್ತಿತ್ತು” ಎಂದ ಅಣ್ಣ, ತಲೆ ಕೆರೆದುಕೊಳ್ಳುತ್ತಾ.

ನರ್ಸಮ್ಮ ನಕ್ಕರು. “ನಮ್ಮ ವಾರ್ಡಿಗೆ ಬರೋರಲ್ಲಿ ಒಬ್ಬರಿಗೆ ಇಂಥ ನಾಯಿ ಇದೆ. ಅವರಿಗೆ ಕೊಟ್ಟ ಸಂಸ್ಥೇನ ನಾನು ನೋಡಿದ್ದೀನಿ. ಆದ್ರೆ ನಾನು ಹೇಳ್ದೆ ಅಂತ ನಂಬಬೇಡಿ, ನೀವೇ ಹೋಗಿ ನೋಡಿ. ಇನ್ನೊಂದು ಮಾತು. ಅವ್ರು ನಿಮ್ಮನ್ನ ತುಂಬಾ ಪ್ರಶ್ನೆ ಕೇಳ್ತಾರೆ. ಬೇಜಾರು ಮಾಡ್ಕೋಬೇಡಿ.”

ಟೇಲರಕ್ಕ ಫೋನು ಮಾಡಿ ಕೇಳಿಕೊಂಡ ಮೇಲೆ ಆ ಸಂಸ್ಥೆಯಿಂದ ನಾಯಿಗಳಿಗೆ ತರಬೇತಿ ಕೊಡುವ ಮೇಡಂ ಒಬ್ಬರು ಬಂದರು. ಕೈಯಲ್ಲಿ ಚೀಲವಿತ್ತು, ನಾಯಿ ಇರಲಿಲ್ಲ.

“ನಾಯೀನೇ ತರದೆ ನಾಯಿ ಕೊಡೋಕೆ ಬಂದಿದ್ದಾರೆ!” ಅಣ್ಣ ಅಮ್ಮನ ಕಿವಿಯಲ್ಲಿ ಉಸುರಿದ.

ಮೇಡಂಗೆ ಅದು ಕೇಳಿಸಿತು. “ನಾಯಿ ಬರೋ ಮುಂಚೆ ನಾಯಿಯ ಕಣ್ಣಲ್ಲಿ ನಿಮ್ಮ ಅಂಗಡಿ ನೋಡ್ಬೇಕು ಸಾರ್” ಎಂದವರೇ ಅಂಗೈ, ಮಂಡಿ ಊರಿ ನೆಲದ ಮೇಲೆ ಅಂಬೆಗಾಲಿಟ್ಟರು. ಮೇಜಿನ ಕೆಳಗೆ ಹೋದರು, ಮಷಿನ್ನಿನ ಹಿಂದೆ ಹೋದರು. ಅಮ್ಮ ಬೆರಗಾಗಿ ನೋಡುತ್ತಲೇ ಇದ್ದರು. ಹೊರಗೆ ಬಂದಾಗ ಮೇಡಂ ಅಂಗೈ ತುಂಬ ಗುಂಡುಪಿನ್ನುಗಳಿದ್ದವು, ನಡುವೆ ಒಂದು ಮುರಿದ ಸೂಜಿ.

“ಇದು ಕಾಲಿಗೆ ಚುಚ್ಚಿದ್ರೂ ಕಷ್ಟ, ಟೇಪಿನ ಜೊತೆ ಬಾಯಿಗೆ ಹೋದ್ರಂತೂ ನಾಯಿ ಉಳಿಯೋದೇ ಅನುಮಾನ. ಈ ನೆಲ ಸರಿಯಾಗೋವರೆಗೆ ನಾವು ನಾಯಿ ಕೊಡಲ್ಲ.”

ಆಮೇಲೆ ಪ್ರಶ್ನೆಗಳು ಶುರುವಾದವು. ನಾಯಿಯನ್ನು ದಿನವೂ ಹೊರಗೆ ಸುತ್ತಾಡಿಸುವವರು ಯಾರು? ನಿಮಗೇ ಹುಷಾರಿಲ್ಲದಾಗ ಊಟ ಹಾಕುವವರು ಯಾರು? ಎಲ್ಲಿ ಮಲಗುತ್ತದೆ? ಡಾಕ್ಟರ ಹತ್ತಿರ ಕರೆದೊಯ್ಯುವುದು ಹೇಗೆ? ನಿಮ್ಮ ಕೈಯಿಂದ ಹೆಚ್ಚಾಗಿ ಬೀಳುವುದು ಏನು? ಕೊನೆಯ ಪ್ರಶ್ನೆಗೆ ಟೇಲರಕ್ಕ ಗಟ್ಟಿಯಾಗಿ ನಕ್ಕಳು. ಆ ಪ್ರಶ್ನೆಯನ್ನು ಅವಳಲ್ಲಿ ಹಿಂದೆಂದೂ ಯಾರೂ ಕೇಳಿರಲಿಲ್ಲ.

ಅಮ್ಮ ಮಾತ್ರ ಉರಿಯುತ್ತಿದ್ದರು. ಮೇಡಂ ಬೀದಿ ದಾಟುವುದನ್ನೇ ಕಾದು ಬಾಯಿ ಬಿಟ್ಟರು. “ನಮ್ಮ ನೆಲಕ್ಕೆ ಹೆಸರಿಡ್ತಾಳಲ್ಲ! ವರ್ಷಕ್ಕಿಂತ ಜಾಸ್ತಿ ಕಾಯ್ಬೇಕಂತೆ. ಕಾದ ಮೇಲೂ ಹೊಂದೋ ನಾಯಿ ಇಲ್ಲ ಅಂದ್ರೆ ಇಲ್ಲವಂತೆ. ಆ ಕೆಂಪು ಜಾಕೆಟಿನವನಾದ್ರೂ ಮರ್ಯಾದೆಯಾಗಿ ಮಾತಾಡ್ದ.”

“ಅವನು ನಾಯಿ ಮಾರೋಕೆ ಬಂದಿದ್ದ ಅಮ್ಮ. ನೆಲದ ಕಡೆ ನೋಡ್ಲೂ ಇಲ್ಲ. ಅವತ್ತೇ ತಗೊಂಡಿದ್ರೆ ಆ ಪಿನ್ನು ಯಾರ ಹೊಟ್ಟೇಲಿರ್ತಿತ್ತು?”

 ಅಮ್ಮ ಮೇಜಿನ ಮೇಲೆ ಮೇಡಂ ಬಿಟ್ಟುಹೋಗಿದ್ದ ಪಿನ್ನುಗಳನ್ನು ಡಬ್ಬಿಗೆ ಹಾಕಿದರು.

ಮರುವಾರ ಮೂವರೂ ಸಂಸ್ಥೆಗೆ ಹೋದರು. ಯಾವ ಬಾಗಿಲನ್ನೂ ಅವರಿಗೆ ಮುಚ್ಚಿರಲಿಲ್ಲ. ಮರಿಗಳು ತಾಯಿಯ ಜೊತೆ ಒಣಗಿದ, ಶುಚಿಯಾದ ಜಾಗದಲ್ಲಿದ್ದವು. ಅಂಗಳದಲ್ಲಿ ದೊಡ್ಡ ನಾಯಿಗಳು ಪಾಠ ಕಲಿಯುತ್ತಿದ್ದವು. ಕೋಲಿಲ್ಲ, ಗದರಿಕೆಯಿಲ್ಲ, ಸರಿ ಮಾಡಿದರೆ ಒಂದು ತುಣುಕು ತಿಂಡಿ, ಬೆನ್ನು ತಟ್ಟಿ ಶಭಾಸ್‌ಗಿರಿ. ತಪ್ಪಿದರೆ ಮತ್ತೊಮ್ಮೆ. ಅಲ್ಲಿಗೆ ತಮ್ಮ ನಾಯಿಯನ್ನು ತಪಾಸಣೆಗೆ ತಂದಿದ್ದ ಗಡಿಯಾರ ರಿಪೇರಿಯವರೊಬ್ಬರು ಸಿಕ್ಕರು. ಅವರೂ ಗಾಲಿಕುರ್ಚಿಯವರೇ.

“ಹೇಗಿದೆ ಸಾರ್, ಕಷ್ಟ ಏನೂ ಇಲ್ವಾ?” ಅಣ್ಣ ಕೇಳಿದ.

“ಇಲ್ದೇ ಏನು! ಮನೆ ತುಂಬಾ ಕೂದಲು. ಮಳೆಯಿರ್ಲಿ, ಚಳಿಯಿರ್ಲಿ, ಹೊರಗೆ ಹೋಗ್ಲೇಬೇಕು. ಒಂದ್ಸಲ ಅದಕ್ಕೆ ಕಿವಿನೋವು ಬಂದು ನಾವಿಬ್ರೂ ನಿದ್ದೆಗೆಟ್ವಿ.” ಅವರು ನಾಯಿಯ ಕಿವಿ ಸವರಿದರು. “ಆದ್ರೆ ಫೋನ್ ಮಾಡಿದಾಗೆಲ್ಲ ಇವ್ರು ಬಂದಿದ್ದಾರೆ. ಇದಕ್ಕೆ ವಯಸ್ಸಾದ್ರೆ ಏನು ಮಾಡೋದು ಅನ್ನೋದನ್ನೂ ಮೊದಲೇ ಮಾತಾಡಿದ್ದಾರೆ. ಬರೀ ಒಳ್ಳೇದನ್ನೇ ಹೇಳೋರ ಹತ್ರ ಸ್ವಲ್ಪ ಹುಷಾರಾಗಿರಿ ಅಮ್ಮ.”

ಆ ಮಾತು ಅಮ್ಮನ ಮನಸ್ಸಿಗೆ ನಾಟಿತು. ವಾಪಸು ಬರುವಾಗ ದಾರಿಯಲ್ಲಿ ಒಂದೇ ಒಂದು ಮಾತು ಹೇಳಿದರು. “ನೆಲ ನಾನು ನೋಡ್ಕೊಳ್ತೀನಿ.”

ಅಣ್ಣ ಬಸ್ ಡಿಪೋದಿಂದ ಒಂದು ಅಯಸ್ಕಾಂತ ತಂದು ಕೋಲಿನ ತುದಿಗೆ ಕಟ್ಟಿಕೊಟ್ಟ. ಅಮ್ಮ ಬಗ್ಗುವುದೇ ಬೇಡ. ಸಂಜೆ ಅಂಗಡಿ ಮುಚ್ಚುವ ಮೊದಲು ನೆಲದ ಮೇಲೆಲ್ಲ ಅದನ್ನು ಆಡಿಸಿದರೆ ಪಿನ್ನುಗಳು ಟಕ್ ಟಕ್ ಎಂದು ಹಾರಿ ಅಂಟಿಕೊಳ್ಳುತ್ತಿದ್ದವು. ಯಾವಾಗಲೋ ಕಳೆದುಹೋಗಿದ್ದ ಚಿಕ್ಕ ಕತ್ತರಿ ಸಿಕ್ಕ ದಿನ ಅಮ್ಮ ನಿಧಿ ಸಿಕ್ಕವರಂತೆ ಬೀದಿಗೆಲ್ಲ ತೋರಿಸಿದರು. ಟೇಲರಕ್ಕನೂ ಪಿನ್ನುಗಳನ್ನು ಮೇಜಿಗೆ ಹರಡುವುದು ಬಿಟ್ಟು, ಮಣಿಕಟ್ಟಿಗೆ ಕಟ್ಟಿಕೊಂಡ ಪುಟ್ಟ ಪಿನ್ನುದಿಂಬಿಗೆ ಚುಚ್ಚುವುದನ್ನು ರೂಢಿ ಮಾಡಿಕೊಂಡಳು. ಕಾಯುವ ಕಾಲಕ್ಕೆಂದು ಮೇಡಂ ಕುರ್ಚಿಯಿಂದ ಬೀಳದಂತೆ ಸೊಂಟಕ್ಕೆ ಬಿಗಿಯುವ ಒಂದು ಪಟ್ಟಿ, ವಸ್ತು ಹಿಡಿದೆತ್ತುವ ಒಂದು ಉದ್ದ ಚಿಮಟ ಕೊಡಿಸಿದ್ದರು. ಅಂತೂ ದಿನ ದೂಡಿದರು.

ಕಡೆಗೂ ಸಂಸ್ಥೆಯಿಂದ ಕರೆ ಬಂತು. ಟೇಲರಕ್ಕ ಸಂಸ್ಥೆಯಲ್ಲೇ ಕೆಲವು ದಿನ ಉಳಿದು, ತನಗಾಗಿ ಆರಿಸಿದ ನಾಯಿಯ ಜೊತೆ ತಾನೂ ಕಲಿತಳು. ಕೋಟಿನ ಕಪ್ಪು ಗುಂಡಿಯಂಥ ಮೂಗು ಅದಕ್ಕೆ. ಹಾಗಾಗಿ ಅಂಗಡಿಗೆ ಬಂದ ದಿನವೇ ಅದು ಎಲ್ಲರ ಬಾಯಲ್ಲೂ ಗುಂಡಿಯಾಯಿತು. ಟೇಪು ಬಿದ್ದರೆ, “ಗುಂಡಿ, ತಗೋ” ಎಂದರೆ ಸಾಕು, ಕಚ್ಚದೆ, ಜೊಲ್ಲು ಸುರಿಸದೆ ಮಡಿಲಿಗೆ ತಂದಿಡುತ್ತಿತ್ತು. “ಬೇಡ” ಎಂದರೆ ಮುಟ್ಟುತ್ತಿರಲಿಲ್ಲ. ಮಷಿನ್ನು ಗರ್ರೆಂದರೆ ಅದಕ್ಕೆ ಜೋಗುಳ. ಅಲ್ಲೇ ಕಾಲ್ಬದಿಯಲ್ಲಿ ನಿದ್ದೆ.

ತೊಂದರೆ ಬಂದದ್ದು ಅಮ್ಮನಿಂದ. ಏನು ಬಿದ್ದರೂ ಅಭ್ಯಾಸಬಲದಿಂದ ಅವರೇ ಎದ್ದು ಓಡುತ್ತಿದ್ದರು. ಒಮ್ಮೆ ದಾರದ ರೀಲಿಗಾಗಿ ಅತ್ತಲಿಂದ ಅಮ್ಮ, ಇತ್ತಲಿಂದ ಗುಂಡಿ ಧಾವಿಸಿ ಹಣೆಗೆ ಹಣೆ ಬಡಿಯಿತು. ಕೆಲವೇ ದಿನಗಳಲ್ಲಿ, ಏನಾದರೂ ಬಿದ್ದರೆ ಗುಂಡಿ ಅಮ್ಮನ ಮುಖ ನೋಡಿ ಸುಮ್ಮನೆ ಕೂರತೊಡಗಿತು.  ಇಷ್ಟು ಕಾದದ್ದೆಲ್ಲ ಹೀಗೆ ಮುಗಿಯುತ್ತದೆಯೇ ಎಂದುಕೊಂಡಳು ಟೇಲರಕ್ಕ.

ಫೋನು ಮಾಡಿದ ಮರುದಿನವೇ ಮೇಡಂ ಬಂದರು. ಒಂದು ಗಂಟೆ ಮೂಲೆಯಲ್ಲಿ ಸುಮ್ಮನೆ ಕೂತು ನೋಡಿದರು.

“ನಾಯಿ ಸರಿಯಾಗಿದೆ. ಟ್ರೈನಿಂಗ್ ಬೇಕಾಗಿರೋದು ಅಮ್ಮನಿಗೆ.”

“ನನಗಾ?”

“ಹೌದಮ್ಮ. ಏನಾದ್ರೂ ಬಿದ್ರೆ ಕೈ ಕಟ್ಕೊಂಡು ಕೂತ್ಕೊಳ್ಳಿ. ಅಷ್ಟೇ.”

ಮೇಡಂ ಕತ್ತರಿಯ ಚೀಲ ಬೀಳಿಸಿದರು. ಅಮ್ಮ ಅರ್ಧ ಎದ್ದರು. “ಕೂತ್ಕೊಳ್ಳಿ!” ಎಂದರು ಮೇಡಂ. ಅಮ್ಮ ಕೂತರು, ಅವರ ಜೊತೆಗೆ ಗುಂಡಿಯೂ ಕೂತಿತು. ಅಂಗಡಿಯೆಲ್ಲ ನಗು. ಮೇಡಂ ಆಮೇಲೂ ಹಲವು ಸಲ ಬಂದರು. ಗುಂಡಿ ಬೇಗ ದಾರಿಗೆ ಬಂತು. ಅಮ್ಮನಿಗೆ ಸ್ವಲ್ಪ ಹೆಚ್ಚು ದಿನ ಹಿಡಿಯಿತು.

ಈಗ ಆ ಸ್ಟೂಲು ಗಿರಾಕಿಗಳಿಗೆ. ಮಂಡಿಗೆ ಒಳ್ಳೆಯದೆಂದು ನರ್ಸಮ್ಮ ಹೇಳಿದ್ದರಿಂದ ಅಮ್ಮ ಬೆಳಗ್ಗೆ ಈಜುಕೊಳಕ್ಕೆ ಹೋಗುತ್ತಾರೆ. ಈ ವಯಸ್ಸಿನಲ್ಲಿ ನೀರಿನಲ್ಲಿ ತೇಲುವುದನ್ನು ಕಲಿತಿದ್ದಾರೆ. ಅಂಗಡಿಯ ಬಾಗಿಲು ತೆಗೆಯುವುದು ಟೇಲರಕ್ಕ ಮತ್ತು ಗುಂಡಿ, ಇಬ್ಬರೇ.

ಮೊನ್ನೆ ಸಂಜೆ ಅಮ್ಮ ಅಂಗಡಿಗೆ ಬಂದಾಗ ಮಷಿನ್ನು ಓಡುತ್ತಿತ್ತು, ಗುಂಡಿ ಮಲಗಿತ್ತು. ಟೇಲರಕ್ಕನ ಮಣಿಕಟ್ಟಿನಿಂದ ಒಂದು ಗುಂಡುಪಿನ್ನು ಜಾರಿ ನೆಲಕ್ಕೆ ಬಿತ್ತು. ಗುಂಡಿ ತಲೆ ಎತ್ತಿ ನೋಡಿತು.

“ಬೇಡ ಗುಂಡಿ” ಎಂದಳು ಟೇಲರಕ್ಕ. “ಅದು ಅಮ್ಮಂದು.”

ಅಮ್ಮ ಹೆಮ್ಮೆಯಿಂದ ಮೂಲೆಯ ಕೋಲನ್ನು ಕೈಗೆತ್ತಿಕೊಂಡರು. ಟಕ್ ಎಂದಿತು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಜೊತೆಗಾರ ಬೇಕಾದವರು ಇರಬಹುದು. ಆಸೆ ದೊಡ್ಡದಿರುವಾಗ ಅವಸರವೂ ಆಗುತ್ತದೆ, ಅದು ಸಹಜ. ಆದರೂ ದಯವಿಟ್ಟು ಜಾಕೆಟ್ ನೋಡಿ ಮರುಳಾಗಬೇಡಿ. ನಾಯಿ ಬೆಳೆದ ಜಾಗವನ್ನು ಕಣ್ಣಾರೆ ನೋಡಿ, ಅಲ್ಲಿಂದ ನಾಯಿ ಪಡೆದವರನ್ನು ಮಾತಾಡಿಸಿ, ಕಲಿಸುವ ರೀತಿ ಗಮನಿಸಿ. ಕೊಟ್ಟ ಮೇಲೂ ಬರುತ್ತಾರೆಯೇ, ಹೊಂದದಿದ್ದರೆ ನಾಯಿಯ ಗತಿಯೇನು ಎಂದು ಬಾಯಿಬಿಟ್ಟು ಕೇಳಿ. ಅವರು ನಿಮಗೇ ಹತ್ತು ಪ್ರಶ್ನೆ ಹಾಕಿದರೆ ಸಂತೋಷಪಡಿ. ನಿಮ್ಮ ಬಗ್ಗೆಯೂ ನಾಯಿಯ ಬಗ್ಗೆಯೂ ಯೋಚಿಸುವವರು ಸಿಕ್ಕಿದ್ದಾರೆ. ನಿಮ್ಮ ನೆಲವನ್ನು ಒಮ್ಮೆಯೂ ನೋಡದೆ, ಇವತ್ತೇ ದುಡ್ಡು ಕೊಡಿ ಎನ್ನುವವರು ಬಂದರೆ, ಒಂದು ಲೋಟ ನೀರು ಕೊಟ್ಟು ಕಳುಹಿಸಿಬಿಡಿ. ನಾಯಿಗೂ ಒಂದು ಬಟ್ಟಲು ಕೊಡಿ.