ಕೈಯಿಂದ ಕಲಿಯುವವನು

"ನೋಡ್ರೋ ಅವನನ್ನ! ಗಜ್ಜಿ ಹತ್ತಿದ ನಾಯಿ ಹಂಗೆ ತೊಡೆ ಕೆರ್ಕೊಂಡು ಕೂತವ್ನೆ. ಪಾಠ ಕೇಳೋಕ್ ಬಂದ್ಯೋ, ತುರಿಸ್ಕೊಳ್ಳೋಕ್ ಬಂದ್ಯೋ?"

ಅಡವೀಶಯ್ಯ ಮೇಷ್ಟ್ರು ಹೀಗೆಂದಾಗ ಸಂಜೆ ತರಗತಿಯಲ್ಲಿದ್ದವರೆಲ್ಲ ತಿರುಗಿ ನನ್ನ ತೊಡೆಯನ್ನೇ ನೋಡಿದರು. ಮೀಸೆ ಬಂದ ಗಂಡಸರು, ಮಕ್ಕಳಿದ್ದ ಹೆಂಗಸರು. ಎಂದೋ ಶಾಲೆ ಬಿಟ್ಟು ಈಗ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಲು ಬಂದವರು. ಎಲ್ಲರೂ ನಕ್ಕರು. ನನ್ನ ತೋರುಬೆರಳು ಪ್ಯಾಂಟಿನ ಮೇಲೆ 'ಗ್ರಹಣ' ಎಂಬ ಪದದ ಅರ್ಧಕ್ಕೆ ನಿಂತಿತ್ತು.

ನಾನು ಕೆರೆದುಕೊಳ್ಳುತ್ತಿರಲಿಲ್ಲ, ಬರೆಯುತ್ತಿದ್ದೆ. ಅವ್ವ ಮೊರದಲ್ಲಿ ರಾಗಿ ಹಿಟ್ಟು ಹರಡಿ, ನನ್ನ ಬೆರಳು ಹಿಡಿದು, ತನಗೆ ಗೊತ್ತಿದ್ದಷ್ಟು ಅಕ್ಷರ ತಿದ್ದಿಸಿದ್ದಳು. ತಿದ್ದಿ ಮುಗಿದ ಮೇಲೆ ಅದೇ ಹಿಟ್ಟಿನ ಮುದ್ದೆ. ಅಂದಿನಿಂದ ಬೆರಳು ಆಡದೆ ಯಾವ ಪದವೂ ನನ್ನೊಳಗೆ ಇಳಿದದ್ದಿಲ್ಲ. ಇದನ್ನು ಮೇಷ್ಟ್ರಿಗೆ ಹೇಳಲಿಲ್ಲ. ಏಳನೆಯ ತರಗತಿಯಲ್ಲಿ ಇಂಥದೇ ನಗುವಿಗೆ ಚೀಲ ಎಸೆದು ಎದ್ದುಬಂದವನು ನಾನು. ಈ ಸಲ ಹಲ್ಲು ಕಚ್ಚಿ ಕೂತೆ. ಹಗಲೆಲ್ಲ ಟ್ರಂಕಿನ ಅಂಗಡಿಯಲ್ಲಿ ತಗಡು ಬಡಿದು ನನ್ನ ಎಡಗಿವಿ ಆಗಲೇ ಮಂದವಾಗಿತ್ತು. ಹತ್ತನೆಯದು ಪಾಸಾದರೆ ಊರಿಗೆ ನೀರು ಬಿಡುವ ಪಂಪುಮನೆಯಲ್ಲಿ ಕೆಲಸವಿತ್ತು. ತಗಡು ಬಡಿಯುವುದು ತಪ್ಪಿ ಬಲಗಿವಿಯಾದರೂ ಉಳಿಯುತ್ತಿತ್ತು.

ಹಿಂದಿನ ಬೆಂಚಿನಿಂದ ಇಂದುಮತಿ ಮೇಡಂ ಎದ್ದರು. ಮೇಷ್ಟ್ರುಗಳಿಗೇ ಪಾಠ ಹೇಳುವ ಕಾಲೇಜಿನವರು. ದೊಡ್ಡವರು ಹೇಗೆ ಕಲಿಯುತ್ತಾರೆಂದು ನೋಡಲು ಬಂದಿದ್ದರು.

"ಮೇಷ್ಟ್ರೇ, ಅವನು ಕೆರ್ಕೊಳ್ತಿಲ್ಲ. ಕಲೀತಿದ್ದಾನೆ."

ಆ ಒಂದು ಮಾತಿಗೆ ನಾನು ನಿಜವಾಗಿಯೂ ನಾಯಿಯಾದೆ, ಅವರ ನಾಯಿ.

ತರಗತಿ ಬಿಟ್ಟ ಮೇಲೆ ಅವರು ನನ್ನನ್ನು ಕೂರಿಸಿಕೊಂಡು ಕೇಳಿದರು. ಮೊರದ ಕತೆಯನ್ನು ನಾನು ಮೊದಲ ಸಲ ಇನ್ನೊಬ್ಬರಿಗೆ ಹೇಳಿದ್ದು ಆಗಲೇ. "ಕೆಲವರು ಕಣ್ಣಿಂದ ಕಲೀತಾರೆ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ. ನೀನು ದಡ್ಡ ಅಲ್ಲಪ್ಪಾ. ನಿನ್ನ ದಾರಿ ಬೇರೆ, ಅಷ್ಟೇ," ಎಂದರು. ಆವರೆಗೆ ನನ್ನನ್ನು ದಡ್ಡ ಅಲ್ಲ ಎಂದವರಿರಲಿಲ್ಲ.

"ಓಡಾಡ್ತಾ ಗಟ್ಟಿಯಾಗಿ ಹೇಳ್ಕೊಂಡ್ರೂ ಉಳೀತದೆ ಮೇಡಂ. ಪದ್ಯ ಎಲ್ಲಾ ಹಂಗೇ ಕಲ್ತಿದ್ದು."

"ಇರಬಹುದು. ಆದ್ರೆ ನಿನ್ನದು ಮುಖ್ಯವಾಗಿ ಕೈ," ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಅವರು ಬಂದಾಗಲೆಲ್ಲ ನನಗೊಂದು ಪರೀಕ್ಷೆ. ಜೇಡಿಮಣ್ಣು ಕೊಟ್ಟು ಬೆಟ್ಟ ಮಾಡೆಂದರು, ತಂತಿ ಕೊಟ್ಟು ತ್ರಿಕೋನ ಮಾಡೆಂದರು. ತಗಡಿನವನಿಗೆ ಇವೆಲ್ಲ ಯಾವ ಲೆಕ್ಕ? ಅವರನ್ನು ಮೆಚ್ಚಿಸಬೇಕೆಂದು ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿದೆ. ಬಳೆ ಮಾರುವ ಸಾಕಮ್ಮ ಪಕ್ಕದ ಬೆಂಚಿನಿಂದ ಕೆಣಕುತ್ತಿದ್ದಳು: "ಏನ್ಲಾ ತಮ್ಮಾ, ನಿನ್ ಕೈಗೆ ಕಾಲೇಜ್‌ನೋರೇ ಬಂದು ಕೈ ಮುಗೀತಾರಲ್ಲೋ! ಎಲ್ಡು ಬಳೆ ತೊಡಿಸ್ಲಾ?" ನಾನು ಉಬ್ಬಿಹೋಗಿದ್ದೆ. ಈಗ ತೊಡೆಯ ಮೇಲೆ ಬೆರಳು ಆಡಿಸಲು ನಾಚಿಕೆಯಿರಲಿಲ್ಲ. ವ್ಯಾಕರಣ, ಚರಿತ್ರೆ, ವಿಜ್ಞಾನ, ಎಲ್ಲವನ್ನೂ ಆ ಬಟ್ಟೆಯ ಮೇಲೆ ಬರೆದು ಬರೆದು ಕಲಿತೆ. ಪ್ಯಾಂಟಿನ ಬಲತೊಡೆ ತೆಳ್ಳಗಾಗಿ ಹೋಯಿತು.

ಹತ್ತನೆಯ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ತೀರ್ಮಾನಿಸುತ್ತಿದ್ದದ್ದು ತರಗತಿ ನಡೆಸುವ ಸಂಘ. ಆ ಹೆಸರುಗಳನ್ನು ಹೇಳಲು ಒಂದು ಸಂಜೆ ಸಭೆ ಸೇರಿಸಿದರು. ಮೇಡಂ ಎಲ್ಲರಿಗಿಂತ ಮೊದಲು ನನ್ನನ್ನೇ ವೇದಿಕೆಗೆ ಕರೆದು ಬೆನ್ನ ಮೇಲೆ ಕೈಯಿಟ್ಟರು.

"ಇವನ ಬುದ್ಧಿ ಇರೋದು ಬೆರಳಲ್ಲಿ. ಇಂಥವನಿಗೆ ಪುಸ್ತಕ ಹೇರೋದು, ಪರೀಕ್ಷೆ ಹೇರೋದು ಹಿಂಸೆ. ಅದಕ್ಕೇ ನಾನೇ ಸಂಘಕ್ಕೆ ಹೇಳಿ, ಇವನನ್ನ ಪರೀಕ್ಷೆಯಿಂದ ಬಿಡಿಸಿದ್ದೇನೆ. ನಾಳೆಯಿಂದ ಇವನು ನಮ್ಮ ಹೊಸ ಕಸುಬಿನ ವಿಭಾಗದ ಮೊದಲ ವಿದ್ಯಾರ್ಥಿ. ಅಲ್ಲಿ ತಗಡಿನ ಕೆಲಸ ಕಲೀತಾನೆ."

ಮೊದಲು ಚಪ್ಪಾಳೆ ತಟ್ಟಿದವರು ಅಡವೀಶಯ್ಯ ಮೇಷ್ಟ್ರು. ಸಾಕಮ್ಮ ಮಾತ್ರ ತಟ್ಟಲಿಲ್ಲ. "ಅಯ್ಯೋ, ಆ ಕೆಲ್ಸ ಅವನಿಗೆ ಆಗ್ಲೇ ಬತ್ತದಲ್ರವ್ವಾ," ಎಂದು ಕೂತಲ್ಲಿಂದಲೇ ಅಂದಳು. ಚಪ್ಪಾಳೆಯಲ್ಲಿ ಅದು ಮೇಡಂಗೆ ಕೇಳಿಸಲಿಲ್ಲ.

"ನಾನು ಎಲ್ಲಾ ಓದ್ಕೊಂಡಿದ್ದೀನಿ ಮೇಡಂ," ಎಂದೆ. "ಬೇಕಾದ್ರೆ ಈಗ್ಲೇ ಕೇಳಿ. ಎಲ್ಲಿಂದ ಬೇಕಾದ್ರೂ ಕೇಳಿ."

"ಆ ಕಷ್ಟ ಯಾಕಪ್ಪಾ ನಿನಗೆ? ನಿನ್ನ ಕೈ ಇದೆಯಲ್ಲ."

ನಮ್ಮಪ್ಪ ಹುಡುಗನಾಗಿದ್ದಾಗ ಅವನಿಗೆ ಶಾಲೆಯ ಬಾಗಿಲಲ್ಲಿ ಹೇಳಿದ್ದೂ ಇದನ್ನೇ. ಕೈಯಿದೆಯಲ್ಲ, ಅಕ್ಷರ ಯಾಕೆ ಎಂದು. ಅವನ ಕಾಲಕ್ಕೆ ಅದನ್ನು ಹಣೆಬರಹ ಎನ್ನುತ್ತಿದ್ದರು. ಅದನ್ನು ಬರೆದವನು ಕಣ್ಣಿಗೆ ಕಾಣುತ್ತಿರಲಿಲ್ಲ, ಹೊಟ್ಟೆ ತುಂಬ ಬಯ್ಯಬಹುದಿತ್ತು. ನನ್ನದನ್ನು ಬರೆದವರು ಪಕ್ಕದಲ್ಲೇ ನಿಂತು ಬೆನ್ನು ಸವರುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಒಬ್ಬ ಮನುಷ್ಯನನ್ನು ಉದ್ಧಾರ ಮಾಡಿದೆನೆಂದು ಅವರು ಪೂರ್ತಿಯಾಗಿ ನಂಬಿದ್ದರು. ಮೇಷ್ಟ್ರು ನಾಯಿ ಎಂದಾಗ ಹಲ್ಲು ಕಚ್ಚುವುದು ಗೊತ್ತಿತ್ತು. ಇದಕ್ಕೆ ಏನನ್ನು ಕಚ್ಚಲಿ?

ಮುಂದಿನ ವರ್ಷ ಕಟ್ಟೋಣವೆಂದರೆ ಪಂಪುಮನೆಯ ಕೆಲಸಕ್ಕೆ ನನ್ನ ವಯಸ್ಸು ಮೀರುತ್ತಿತ್ತು. ಅಲ್ಲಿಗೆ ಬೇರೆ ಯಾರೋ ಹೋಗುತ್ತಿದ್ದರು.

"ಖುಷಿ ಆಯ್ತೇನಪ್ಪಾ?" ಮೇಡಂ ಕೇಳಿದರು.

ನಾನು ವೇದಿಕೆಯಿಂದ ಇಳಿದೆ. ಬೆಂಚುಗಳ ನಡುವೆ ಜನ ಕಾಲು ಮಡಚಿಕೊಂಡು ದಾರಿ ಬಿಟ್ಟರು. "ಹೇಳು, ಖುಷಿ ಆಯ್ತಾ?" ಎಂದು ಅವರು ಮತ್ತೆ ಕೂಗಿದ್ದು ಬಲಗಿವಿಗೆ ಸ್ಪಷ್ಟವಾಗಿ ಬಿತ್ತು. ಹೊರಗೆ ಜಗಲಿಯ ತುಂಬ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ನನ್ನವನ್ನು ಹುಡುಕಲು ಬಗ್ಗಬೇಕಾಗಿತ್ತು. ಬಗ್ಗಲಿಲ್ಲ. ಒಳಗೆ ಪರೀಕ್ಷೆಗೆ ಹೋಗುವವರ ಹೆಸರು ಕೂಗಲು ಶುರುಮಾಡಿದ್ದರು. ಬರಿಗಾಲಲ್ಲಿ ಮೆಟ್ಟಿಲಿಳಿದೆ. ಹೊತ್ತು ಮುಳುಗಿದ್ದರೂ ಬೀದಿಯ ಜಲ್ಲಿ ಇನ್ನೂ ಸುಡುತ್ತಿತ್ತು.