ಕಿವಿಮೇಸ್ತ್ರಿ ಆರಿಸಿದ ಗಾಡಿ

ಇಂಜಿನ್ನಿನ ಶಬ್ದ ಕೇಳಿಯೇ ಅದರ ಜಾತಕ ಹೇಳುತ್ತಿದ್ದುದರಿಂದ ಆ ಮೆಕ್ಯಾನಿಕ್ಕಿಗೆ ಕಿವಿಮೇಸ್ತ್ರಿ ಎಂಬ ಹೆಸರು ಬಿದ್ದಿತ್ತು. ಹತ್ತು ಹೆಜ್ಜೆ ದೂರ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಮುಚ್ಚಿ, ಇಂಥ ಸಿಲಿಂಡರಿನಲ್ಲಿ ಇಂಥ ಕೊರತೆ ಎಂದನೆಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಹಳೆಯ ಗಾಡಿ ಕೊಳ್ಳುವವರು ಅವನನ್ನು ಕರೆದುಕೊಂಡು ಹೋಗದೆ ಮಾತುಕತೆಗೇ ಕೂರುತ್ತಿರಲಿಲ್ಲ. ಕಿವಿ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು. ಶಬ್ದ ಗುರುತಿಸಲಾಗದವರು ಸಿಕ್ಕರೆ, ನಿನಗೆ ಕಿವಿ ಇರೋದು ಕನ್ನಡಕ ನಿಲ್ಲಿಸೋಕೆ ಎಂದು ನಾಲ್ಕು ಜನರ ಎದುರೇ ಅಂದುಬಿಡುತ್ತಿದ್ದ. ಹಾಗೆ ಅನ್ನಿಸಿಕೊಂಡವರು ಊರ ತುಂಬ ಇದ್ದರು. ಅಳಿಯನಿಗಂತೂ ಮದುವೆಯ ಊಟದ ಸಾಲಿನಲ್ಲೇ ಆ ಮರ್ಯಾದೆ ಆಗಿತ್ತು. ಪಾಪ, ಅವನು ನಿಜಕ್ಕೂ ಕನ್ನಡಕದವನು.

ಆ ಕಿವಿ ಹೋಗಿ ಈಗ ಎರಡು ವರ್ಷ. ಒಮ್ಮೆಗೇ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ದನಿ ಹೋಯಿತು, ಅದರ ಹಿಂದೆಯೇ ಪೆಟ್ರೋಲ್ ಗಾಡಿಗಳು ಹೋದವು. ಡೀಸೆಲ್ ಮಾತ್ರ ಉಳಿಯಿತು, ಅದೂ ಕಿವಿಯಲ್ಲಲ್ಲ, ಮೂಳೆಯಲ್ಲಿ. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಹೆಸರಿನಲ್ಲೇ ಕಿವಿ ಇಟ್ಟುಕೊಂಡವನು ಕಿವುಡನಂತೆ ಎಂದು ಗೊತ್ತಾದರೆ ಅವನ ಗ್ಯಾರೇಜಿಗೆ ನಾಯಿಯೂ ಹಣಕಿ ಹಾಕುವುದಿಲ್ಲ. ಅದಕ್ಕೇ ಕಳ್ಳದಾರಿಗಳನ್ನು ಹುಡುಕಿಕೊಂಡ. ಬಾನೆಟ್ಟಿನ ಮೇಲೆ ಅಂಗೈ ಊರಿ ನಡುಕ ಓದುತ್ತಿದ್ದ. ಟಿವಿಯಲ್ಲಿ ವಾರ್ತೆ ಓದುವವಳ ತುಟಿ ನೋಡಿ ನೋಡಿ ಜನರ ತುಟಿ ಓದುವುದನ್ನು ಕಲಿತಿದ್ದ. ಫೋನಿಗೆ ತುಟಿ ಇಲ್ಲವಲ್ಲ, ಅದಕ್ಕೆಂದೇ ಮೂರು ಮಾತು ಇಟ್ಟುಕೊಂಡಿದ್ದ: ಹೌದಾ, ಸಂತೋಷ, ಒಳ್ಳೇದಾಯ್ತು ಬಿಡು. ಜೇಬಿನಲ್ಲಿ ಫೋನು ನಡುಗಿದಾಗ ತೆಗೆದು, ಈ ಮೂರನ್ನು ಸರದಿಯ ಮೇಲೆ ಹಾಕುತ್ತಾ ಹೋದರೆ ಎಂಥ ಕರೆಯಾದರೂ ಮುಗಿಯುತ್ತಿತ್ತು. ಇದುವರೆಗೆ ಯಾರಿಗೂ ಅನುಮಾನ ಬಂದಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದ.

ಐದು ತಿಂಗಳಿಂದ ಮಗಳು ಅಪ್ಪನ ಕಡೆ ತಲೆ ಹಾಕಿರಲಿಲ್ಲ. ಎಲ್ಲ ಅಳಿಯನ ಕಿತಾಪತಿ ಎಂದು ಮೇಸ್ತ್ರಿ ತೀರ್ಮಾನಿಸಿಬಿಟ್ಟಿದ್ದ. ಆ ಗಂಡ ಹೆಂಡತಿ ಮನೆಮನೆಗೆ, ಆಫೀಸುಗಳಿಗೆ ಕುಡಿಯುವ ನೀರಿನ ಕ್ಯಾನು ಹಾಕುತ್ತಿದ್ದರು. ಗಾಡಿ ಓಡಿಸುವವಳು ಅವಳು, ಕ್ಯಾನು ಹೊರುವವನು ಅವನು. ಇಷ್ಟು ದಿನ ಬಾಡಿಗೆ ಗಾಡಿಯಲ್ಲಿ ದೂಡಿದ್ದಾಯಿತು, ಈಗ ಸ್ವಂತಕ್ಕೆ ಒಂದು ಹಳೆಯ ಪಿಕಪ್ ಬೇಕು, ನೀವೇ ಬಂದು ಆರಿಸಿಕೊಡಿ ಎಂದು ಇಬ್ಬರೂ ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲಿಗೇ ಬಂದರು. ಮೇಸ್ತ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೈಯ ಗ್ರೀಸು ಒರೆಸಿ, ಒಗೆದ ಅಂಗಿ ತೊಟ್ಟು ಹೊರಟ.

ಹಳೇ ಗಾಡಿ ಮಾರುವ ಶೆಡ್ಡಿನಲ್ಲಿ ಎರಡು ಪಿಕಪ್ ತೊಳೆದು ನಿಲ್ಲಿಸಿದ್ದರು. ಬಿಳಿಯದು ಪೆಟ್ರೋಲ್, ನೀಲಿಯದು ಡೀಸೆಲ್. ವಯಸ್ಸೂ ಒಂದೇ, ಓಡಿದ ದೂರವೂ ಹೆಚ್ಚುಕಡಿಮೆ ಒಂದೇ. ಯಾವುದು ಎಂದು ಆರಿಸಲು ನಿಜವಾಗಿ ಕಿವಿಯೇ ಬೇಕಿರಲಿಲ್ಲ. ಮನೆಮನೆ ತಿರುಗೋಕೆ ಪೆಟ್ರೋಲ್, ಊರೂರು ತಿರುಗೋಕೆ ಡೀಸೆಲ್ ಎಂದು ಮೂವತ್ತು ವರ್ಷದಿಂದ ಕಂಡಕಂಡವರಿಗೆ ಹೇಳಿಕೊಂಡು ಬಂದವನು ಅವನೇ. ಬೀದಿಗೆ ನಾಲ್ಕು ಸಲ ನಿಲ್ಲಿಸಿ ಹೊರಡುವ ಕೆಲಸಕ್ಕೆ ಈಗಿನ ಡೀಸೆಲ್ ಹಾಕಿದರೆ ಅದು ಸರಿಯಾಗಿ ಬಿಸಿಯಾಗುವುದೇ ಇಲ್ಲ, ಹೊಗೆಯ ಕೊಳವೆಯೊಳಗಿನ ಫಿಲ್ಟರಿಗೆ ಮಸಿ ಕಟ್ಟಿ ಆರು ತಿಂಗಳಿಗೇ ಗಾಡಿ ಮೂಲೆಗೆ ಕೂರುತ್ತದೆ. ಇದು ಅವನಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟ.

ಆದರೆ ಪೆಟ್ರೋಲ್ ಕೊಂಡರೆ ಅದು ರಿಪೇರಿಗೆ ಬರುವುದು ಯಾರ ಗ್ಯಾರೇಜಿಗೆ? ವಾರಕ್ಕೊಮ್ಮೆ ಮಗಳು ಬಂದು, ಅಪ್ಪ, ಏನೋ ಸಣ್ಣಗೆ ಶಬ್ದ ಬರ್ತಿದೆ ಕೇಳಿ ಎಂದರೆ ಏನು ಮಾಡುವುದು? ಬಿಳಿ ಗಾಡಿಯನ್ನು ನೋಡುತ್ತಿದ್ದಂತೆ ಮೇಸ್ತ್ರಿಗೆ ಬೆವರು ಕಿತ್ತುಕೊಂಡಿತು. ನೇರವಾಗಿ ನೀಲಿಯ ಹತ್ತಿರ ಹೋಗಿ, ಸೀಟಿನಲ್ಲಿ ಕೂತು, ಕೀಲಿ ತಿರುಗಿಸಿದ. ಡೀಸೆಲ್ಲು ಬೆನ್ನುಮೂಳೆಯ ಬುಡದಿಂದ ಹಲ್ಲಿನವರೆಗೆ ಗುದ್ದಿಕೊಂಡು ಬಂತು. ಎಷ್ಟೋ ದಿನದ ಮೇಲೆ ಯಾರೋ ತನ್ನ ಜೊತೆ ಮಾತಾಡಿದರು ಅನ್ನಿಸಿ ಅವನ ಕಣ್ಣು ಒದ್ದೆಯಾಯಿತು. ಇಳಿದು ಬಂದು, ಇದೇ ಸರಿ, ಕಣ್ಣು ಮುಚ್ಚಿಕೊಂಡು ತಗೊಳ್ಳಿ ಎಂದ.

ಮಗಳು ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಮನೆಮನೆ ತಿರುಗೋಕೆ ಪೆಟ್ರೋಲ್ ಅಂತಿದ್ರಲ್ಲಪ್ಪ ಎಂದಳು. ಅದೆಲ್ಲ ಓಬೀರಾಯನ ಕಾಲದ ಮಾತು, ಈಗಿನ ಡೀಸೆಲ್ಲೇ ಬೇರೆ ಎಂದು ಮೇಸ್ತ್ರಿ ಗದರಿದ. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಹೆತ್ತ ಮಗಳ ಅನ್ನದ ಗಾಡಿಯ ವಿಷಯದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ.

ಅವಳು ಗಂಡನ ಕಡೆ ತಿರುಗಿ ಏನೋ ಅಂದಳು. ಬೆನ್ನು ಇತ್ತ ಇದ್ದುದರಿಂದ ತುಟಿ ಕಾಣಲಿಲ್ಲ. ಅಳಿಯ ಮುಂದೆ ಬಂದ.

"ಬಿಳೀದನ್ನೂ ಒಂದ್ಸಲ ಕೇಳಿಬಿಡಿ ಮಾವ. ಹಿಂದೆ ಮಾಡ್ತಿದ್ರಲ್ಲ, ಕೈ ಹಿಂದೆ ಕಟ್ಕೊಂಡು, ಕಣ್ಣು ಮುಚ್ಕೊಂಡು. ಹಾಗೆ."

ಶೆಡ್ಡಿನ ಯಜಮಾನನಿಗೂ ಹುರುಪು ಬಂತು. ಟೈರಿನವನನ್ನು, ಪೇಂಟಿನವನನ್ನು, ಗಾಡಿ ನೋಡಲು ಬಂದಿದ್ದ ಇನ್ನಿಬ್ಬರನ್ನು ಕರೆದು, ಬನ್ನಿ, ಕಿವಿಮೇಸ್ತ್ರಿ ಗಾಡಿ ಕೇಳ್ತಾರೆ ಎಂದು ಸುತ್ತ ನಿಲ್ಲಿಸಿದ. ಇಷ್ಟು ಜನರ ಎದುರು ಒಲ್ಲೆ ಎನ್ನುವುದು ಹೇಗೆ? ಮೇಸ್ತ್ರಿ ಹತ್ತು ಹೆಜ್ಜೆ ಎಣಿಸಿ ನಿಂತ. ಮಗಳು ಬಿಳಿ ಪಿಕಪ್ ಹತ್ತಿ ಕೀಲಿ ತಿರುಗಿಸಿದಳು. ಹೊಗೆಕೊಳವೆ ಸಣ್ಣಗೆ ನಡುಗಿದ್ದು ಕಂಡಿತು. ಸರಿ, ಇಂಜಿನ್ ಓಡುತ್ತಿದೆ. ಬೆನ್ನ ಹಿಂದೆ ಕೈ ಕಟ್ಟಿದ, ಕಣ್ಣು ಮುಚ್ಚಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಜಗತ್ತೆಲ್ಲ ಕುರುಡು ಎಂದುಕೊಂಡು, ಹಾಗೆ. ಹಳೆಯ ವೈಖರಿಯಲ್ಲೇ ತಲೆಯನ್ನು ಒಂದಿಷ್ಟು ವಾರೆ ಮಾಡಿ, ಮನಸ್ಸಿನಲ್ಲೇ ಇಪ್ಪತ್ತು ಎಣಿಸಿದ. ಹೇಗಾದರೂ ಈ ಬಿಳಿಯದಕ್ಕೆ ಒಂದು ಕುಂದು ಹೇಳಲೇಬೇಕಿತ್ತು.

"ಮೂರನೇ ಸಿಲಿಂಡರ್ ಕೆಮ್ತಾ ಇದೆ. ಒಳಗೆ ವಾಲ್ವೂ ಸಡಿಲ. ಕೇಳಿಸ್ತಿಲ್ವಾ ನಿಮಗೆ? ಇದು ಬೇಡ."

ಕಣ್ಣು ಬಿಟ್ಟ. ಮಗಳು ಗಾಡಿಯೊಳಗೆ ಇರಲಿಲ್ಲ. ಅವನ ಮೂಗಿನ ಎದುರೇ ನಿಂತಿದ್ದಳು. ಬಿಚ್ಚಿದ ಅಂಗೈ ಮೇಲೆ ಬಿಳಿ ಗಾಡಿಯ ಕೀಲಿ ಇತ್ತು. ಅವನು ಕಣ್ಣು ಮುಚ್ಚಿದ ಕೂಡಲೇ ಇಂಜಿನ್ ನಿಲ್ಲಿಸಿ ಇಳಿದು ಬಂದಿದ್ದಳು.

ನಗು ಕಾಣಲು ಕಿವಿ ಬೇಕಿಲ್ಲ. ಯಜಮಾನ ಹೊಟ್ಟೆ ಹಿಡಿದುಕೊಂಡು ನೀಲಿ ಗಾಡಿಗೆ ಒರಗಿದ. ಟೈರಿನವನು ಟೈರಿನ ಮೇಲೆಯೇ ಕುಸಿದು ಕೂತ. ಗುರುತು ಪರಿಚಯವಿಲ್ಲದ ಆ ಇಬ್ಬರು ಗಿರಾಕಿಗಳೂ ಬಾಯಿ ತುಂಬ ಹಲ್ಲು ಬಿಟ್ಟರು. ಅಳಿಯ ಮಾತ್ರ ಅವಸರ ಮಾಡಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ನಿಧಾನವಾಗಿ ಒಂದೊಂದೇ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದ.

"ಕಿವಿ ಇರೋದು ಕನ್ನಡಕ ನಿಲ್ಲಿಸೋಕೆ ಅಂತಿದ್ರಲ್ಲ ಮಾವ. ನಿಮಗೆ ಕನ್ನಡಕವೂ ಇಲ್ಲ."

ಮೇಸ್ತ್ರಿ ಆ ಮಾತನ್ನು ಒಂದಕ್ಷರ ಬಿಡದೆ ಓದಿದ. ಮುಖದ ಮೇಲೆ ಯಾರೋ ಗ್ರೀಸು ಬಳಿದಂತಾಯಿತು. ಸಂಜೆಯೊಳಗೆ ಈ ಕಥೆ ಊರಿನ ಪ್ರತಿ ಗ್ಯಾರೇಜಿಗೂ ಮುಟ್ಟುತ್ತದೆ, ನಾಳೆಯಿಂದ ತನ್ನ ಬಾಗಿಲಿಗೆ ಯಾರೂ ಬರುವುದಿಲ್ಲ ಎಂದು ಅವನಿಗೆ ಅಲ್ಲೇ ಖಾತ್ರಿಯಾಯಿತು. ಮಗಳು ನಗದೆ ನಿಂತಿದ್ದಳು. ಅದೊಂದನ್ನೇ ಹಿಡಿದುಕೊಂಡು ಅವನು ಬೀಳದೆ ನಿಂತ.

ಬಿಳಿಯದನ್ನೇ ಕೊಂಡರು. ಮೇಸ್ತ್ರಿಯನ್ನು ಹಿಂದಿನ ಇಕ್ಕಟ್ಟು ಸೀಟಿಗೆ ಹತ್ತಿಸಿ, ಮಗಳು ಗಾಡಿ ಹೊರಡಿಸಿದಳು. ಪಕ್ಕದಲ್ಲಿ ಅಳಿಯ. ಮೇಸ್ತ್ರಿಗೆ ಏನೂ ಕೇಳಿಸುವುದಿಲ್ಲ ಎಂದು ಈಗ ಗೊತ್ತಾಗಿತ್ತಲ್ಲ, ಅವರು ಮೂಟೆಯ ಮುಂದೆ ಮಾತಾಡಿದಂತೆ ಮಾತಾಡತೊಡಗಿದರು. ಒಳಗಿನ ಕನ್ನಡಿಯ ತಿರುಪು ಸಡಿಲವಾಗಿ ಅದು ಕೆಳಕ್ಕೆ ಜೋತುಬಿದ್ದಿತ್ತು. ಅದರಲ್ಲಿ ಮಗಳ ಕಣ್ಣು ಕಾಣುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು. ತನ್ನ ಪರವಾಗಿ ಗಂಡನನ್ನು ಬೈಯುತ್ತಾಳೆ ಎಂಬ ಆಸೆಯಿಂದ ಮೇಸ್ತ್ರಿ ಆ ಬಾಯಿಯನ್ನೇ ನೋಡುತ್ತಾ ಕೂತ.

"ನಗಬೇಡಿ. ನಾನು ಕೀಲಿ ತೆಗೆದದ್ದು ನಗೋಕಲ್ಲ," ಎಂದಿತು ಬಾಯಿ. "ನಂಗೊಂದು ವಿಷಯ ಗೊತ್ತಾಗ್ಬೇಕಿತ್ತು. ಹೊಟ್ಟೇಲಿದ್ದ ಮೂರು ತಿಂಗಳ ಮಗು ಹೋಯ್ತಪ್ಪ ಅಂತ ಆಸ್ಪತ್ರೆಯಿಂದ ಫೋನ್ ಮಾಡಿ ಅತ್ತಿದ್ದೆ. ಸಂತೋಷ, ಒಳ್ಳೇದಾಯ್ತು ಬಿಡು ಅಂದ್ರು ಅಪ್ಪ."

ಆ ಕರೆ ಮೇಸ್ತ್ರಿಗೆ ನೆನಪಿತ್ತು. ಐದು ತಿಂಗಳ ಹಿಂದೆ, ಲಾರಿಯ ಕೆಳಗೆ ಮಲಗಿದ್ದಾಗ ಬಂದದ್ದು. ಸ್ವಲ್ಪ ಉದ್ದವಾಯಿತು, ಆದರೂ ಚೆನ್ನಾಗಿಯೇ ಮುಗಿಯಿತು ಎಂದುಕೊಂಡಿದ್ದ.

ಅಳಿಯನ ಮುಖದ ನಗು ಇಳಿದಿತ್ತು. ಪಾಪ, ಕೇಳಿಸಿರಲಿಕ್ಕಿಲ್ಲ, ಬಿಟ್ಟುಬಿಡು ಎಂದು ಅವನು ಅಂದದ್ದು ಪಕ್ಕದಿಂದ ಅರ್ಧಂಬರ್ಧ ಕಂಡಿತು.

"ಕೇಳಿಸಲ್ಲ ಅಂತ ಒಂದು ಮಾತು ಹೇಳಬಹುದಿತ್ತಲ್ಲ," ಎಂದಿತು ಕನ್ನಡಿಯ ಬಾಯಿ. "ಹೇಳಲಿಲ್ಲ. ಇವತ್ತೂ ಅಷ್ಟೇ. ಹೆಸರು ಉಳಿಸ್ಕೊಳ್ಳೋಕೆ ನನಗೆ ಕೆಟ್ಟ ಗಾಡಿ ಕಟ್ಟೋಕೂ ಹೇಸಲಿಲ್ಲ. ಕಿವಿ ಹೋದದ್ದಕ್ಕೆ ನಂಗೆ ಸಿಟ್ಟಿಲ್ಲ ರೀ."

ಹಾಗೆಂದವಳು ಕೈಯೆತ್ತಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದಳು. ಬಾಯಿ ಮರೆಯಾಗಿ ಕಣ್ಣು ಬಂತು. ಆ ಕಣ್ಣು ನೇರವಾಗಿ ಮೇಸ್ತ್ರಿಯನ್ನೇ ನೋಡಿತು. ಅವಳ ಕೆನ್ನೆಯ ಅಂಚು ಅಲುಗಿತು. ಅವನನ್ನೇ ಏನೋ ಕೇಳುತ್ತಿದ್ದಳು. ಉತ್ತರಕ್ಕೆಂದು ಅಳಿಯನೂ ಹಿಂದೆ ತಿರುಗಿದ. ಮೇಸ್ತ್ರಿಯ ಗಂಟಲಿಗೆ ಆ ಹಳೆಯ ಮೂರು ಮಾತು ತಾವಾಗಿಯೇ ಬಂದು ನಿಂತವು. ಒಂದನ್ನು ಹೊರಗೆ ಬಿಟ್ಟರೆ ಸಾಕಿತ್ತು. ಅವನು ಮೂರನ್ನೂ ನುಂಗಿಕೊಂಡ.

"ಕೇಳಿಸಲಿಲ್ಲ ಕಣಮ್ಮ," ಎಂದ. ಎರಡು ವರ್ಷದಲ್ಲಿ ಮೊದಲ ಸಲ ಅಂದದ್ದು. "ಇನ್ನೊಂದ್ಸಲ ಹೇಳು."

ಕನ್ನಡಿಯ ಕಣ್ಣು ಅವನನ್ನು ಇನ್ನೊಂದು ಗಳಿಗೆ ನೋಡಿತು. ಆಮೇಲೆ ರಸ್ತೆಯ ಕಡೆ ಹೊರಳಿತು. ಮನೆ ಮುಟ್ಟುವವರೆಗೂ ಅದು ಮತ್ತೆ ಹಿಂದೆ ನೋಡಲಿಲ್ಲ. ಮೇಸ್ತ್ರಿ ಅಂಗೈಯನ್ನು ಬಾಗಿಲಿಗೆ ಒತ್ತಿ ಹಿಡಿದು ಕೂತಿದ್ದ. ಬಿಳಿ ಗಾಡಿ ಒಳ್ಳೆಯ ಗಾಡಿ, ಒಂದಿಷ್ಟೂ ನಡುಗುತ್ತಿರಲಿಲ್ಲ.