ಕದಲದ ಮರಿಗಳು

ಕಂಚಿನ ಗಂಗಾಳವನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತ ಅಪ್ಪನ ಚಿತ್ರ ಇನ್ನೂ ನನ್ನ ಕಣ್ಣಲ್ಲಿದೆ. ನಮ್ಮದು ಜಿಂಕೆ ಬೇಟೆಯ ನಾಯಿಗಳನ್ನು ಸಾಕುವ ಮನೆತನ. ಉದ್ದ ಕಾಲಿನ, ಸಣ್ಣ ಸೊಂಟದ ಬಿಳಿ ನಾಯಿಗಳು. ಮೂಸಿ ಹುಡುಕದೆ ಕಣ್ಣಲ್ಲಿ ಕಂಡು ಬೆನ್ನಟ್ಟುವ ಜಾತಿ. ಮರಿಗಳಿಗೆ ತಿಂಗಳು ತುಂಬಿದಾಗ ಅಪ್ಪ ಅವುಗಳ ಹಿಂದೆ ನಿಂತು ಗಂಗಾಳ ಬಾರಿಸುತ್ತಿದ್ದರು. ಬೆಚ್ಚಿದ ಮರಿ ಹೇಡಿ, ಅದು ಕುರಿಗಾರರಿಗೆ. ಕದಲದ ಮರಿಯಷ್ಟೇ ನಮ್ಮಲ್ಲಿ ಉಳಿದು ತಳಿ ಬೆಳೆಸಬೇಕು. ಮುತ್ತಜ್ಜನ ಕಾಲದಿಂದಲೂ ಇದೇ ನೇಮ.

ಬಾಣಿ ಹಾಗೆ ಉಳಿದವಳು. ಒಮ್ಮೆ ಅವಳು ಬೆನ್ನಟ್ಟಿದ್ದ ಜಿಂಕೆ ಕಮರಿಯ ಅಂಚಿನಲ್ಲಿ ಸರ್ರನೆ ಹೊರಳಿತು. ಅಪ್ಪ ಗಂಟಲು ಹರಿಯುವಂತೆ ಕೂಗಿದರು. ಬಾಣಿ ನಿಲ್ಲಲಿಲ್ಲ, ಓಡಿದ ರಭಸಕ್ಕೆ ಕಮರಿಗೆ ಬಿದ್ದಳು. ಅಪ್ಪ ಅವಳ ಹೆಣವನ್ನು ಹೊತ್ತು ತಂದು ಅಂಗಳದಲ್ಲಿ ಮಲಗಿಸಿ, "ಎದಿಗಾರಿಕಿ ಅಂದ್ರ ಇದು ನೋಡವ್ವಾ. ಕರದ್ರೂ ತಿರುಗಲಿಲ್ಲ," ಎಂದು ಅಳುತ್ತಲೇ ಹೆಮ್ಮೆಪಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಉಳಿದ ನಾಲ್ಕು ನಾಯಿಗಳು ಬಿಸಿಲಿಗೆ ಮಲಗಿ ನಿದ್ದೆಹೋಗಿದ್ದಾಗ ಹಿಂದೆ ನಿಂತು ಅದೇ ಗಂಗಾಳ ಬಾರಿಸಿದೆ. ಒಂದೂ ಕಿವಿ ನಿಮಿರಿಸಲಿಲ್ಲ. ನಿದ್ದೆಯಲ್ಲಿ ಎಂಥ ಧೈರ್ಯ? ನಾವು ನಾಯಿಗಳನ್ನು ಕೈಸನ್ನೆಯಲ್ಲೇ ನಡೆಸುವವರು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

"ಅಪ್ಪಾ, ಇವು ಕಿವುಡು. ತಲಿಮಾರಿನಿಂದ ನಾವ ಕಿವುಡು ಮರಿ ಆರ್ಸಿ ಇಟಗೊಂಡೇವಿ. ಕೇಳೂವನ್ನೆಲ್ಲಾ ಹೊರಗ ಹಾಕೇವಿ."

"ಬಾಯಿ ಮುಚ್ಚು! ನಿನಗಿಂತ ನಿಮ್ಮ ಮುತ್ತಜ್ಜ ದಡ್ಡ ಇದ್ದನೇನು?"

ಈ ತಳಿ ಹೀಗೆ ಸಾಯಲು ಬಿಡಬಾರದು ಎಂದು ನಿಶ್ಚಯಿಸಿದೆ. ಎರಡು ಹರದಾರಿ ನಡೆದು ಕುರಿಗಾರ್ತಿ ಬೀರವ್ವನ ಹಟ್ಟಿಗೆ ಹೋದೆ. ಅವಳು ಒಂದು ಸಿಳ್ಳೆ ಹಾಕಿದ್ದೇ ತಡ, ದೂರದ ದಿಬ್ಬದಿಂದ ಬಿಳಿ ಹೆಣ್ಣುನಾಯಿಯೊಂದು ಓಡಿ ಬಂತು.

"ಅಂಜುಬುರಕ ಅಂತ ನಿಮ್ಮಪ್ಪ ಕೊಟ್ಟದ್ದ ಇದು," ಎಂದು ಬೀರವ್ವ ನಕ್ಕಳು. "ತ್ವಾಳ ಬಂದ್ರ ಮದ್ಲ ಗೊತ್ತಾಗೂದು ಇದಕ್ಕ. ಒಯ್ಯಿ, ಆದ್ರ ಒಂದು ಮರಿ ನನಗ."

ನಮ್ಮ ಗಂಡಿನೊಡನೆ ಅದನ್ನು ಕೂಡಿಸಿದೆ. ಅಪ್ಪ ನನಗೆ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರು. ಐದು ಮರಿ ಹುಟ್ಟಿದವು. ಅತ್ತ ಅವರು ಸುಳಿಯಲಿಲ್ಲ. ನಾನೂ ಕರೆಯಲಿಲ್ಲ, ಹಟ ನನ್ನಲ್ಲೂ ಕಡಿಮೆಯಿರಲಿಲ್ಲ.

ಒಂದು ಮಧ್ಯಾಹ್ನ ಹಿತ್ತಲಿಗೆ ಬಂದವಳು ಬಾಗಿಲಲ್ಲೇ ನಿಂತೆ. ಅಪ್ಪ ಬರಿಗೈಯಲ್ಲಿ ಮರಿಗಳ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು.

"ಬಾ ಕೂಸ," ಎಂದರು.

ಐದೂ ತಿರುಗಿ ನೋಡಿದವು. ಅಪ್ಪ ಒಂದಿಷ್ಟು ಹಿಂದೆ ಸರಿದು, ಇನ್ನೂ ಮೆಲ್ಲಗೆ ಕರೆದರು. ಮತ್ತೆ ಸರಿದು ಮತ್ತಷ್ಟು ಮೆಲ್ಲಗೆ. ಕೊನೆಗೆ ಗೋಡೆಗೆ ಬೆನ್ನು ತಾಗಿದಾಗ ಅವರ ದನಿ ನನಗೆ ಕೇಳಿಸಲಿಲ್ಲ. ಮರಿಗಳಿಗೆ ಮಾತ್ರ ಕೇಳಿಸಿತು.